ಗುಂಪಿನ ಹೆಸರು ತಿದ್ದಲು ಹೋಗಿ

ಆ ಬುಧವಾರ ಬೆಳಿಗ್ಗೆ ಹೋದ ಕರೆಂಟು ಬಂಗಾರಪೇಟೆಗೆ ಮತ್ತೆ ಬಂದದ್ದು ಹನ್ನೆರಡು ಗಂಟೆಗೆ. ನಮ್ಮ ಕೆಲಸ ಹತ್ತಕ್ಕೆ ಶುರುವಾಗಬೇಕಿತ್ತು. ಸ್ಟೇಷನ್ನಿನ ಎದುರು, ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ನಾನೂ ನಮ್ಮ ಲೈನ್‌ಮ್ಯಾನೂ ರೂಟರಿನ ಹಸಿರು ದೀಪ ನೋಡುತ್ತ ಎರಡು ಗಂಟೆ ಸುಮ್ಮನೆ ಕೂತೆವು. ದತ್ತಾಂಶಕ್ಕೆ ದಾರಿ ತೋರಿಸುವ ಪೆಟ್ಟಿಗೆ ಆ ರೂಟರು, ಬ್ಯಾಟರಿಯ ಮೇಲೆ ಓಡುತ್ತಿತ್ತು. ಅದಕ್ಕೆ ಆಜ್ಞೆ ಬರೆಯುವ ಕಂಪ್ಯೂಟರಿಗೆ ಬ್ಯಾಟರಿ ಇರಲಿಲ್ಲ.

ತೊಂಬತ್ತರ ದಶಕದ ಕೊನೆ. ದತ್ತಾಂಶದ ಲೈನುಗಳನ್ನು ನೋಡಿಕೊಳ್ಳುವ ಒಂದು ಸಣ್ಣ ಕಂಪನಿ ನಮ್ಮದು. ಬಂಗಾರಪೇಟೆಯ ಆ ಕೋಣೆಗೆ ಎಂಜಿನಿಯರ್ ಅಂತ ಇದ್ದವಳು ನಾನೊಬ್ಬಳೇ. ಬೂದಿಕೋಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಲೈನ್‌ಮ್ಯಾನ್ ಕೆ.ಜಿ.ಎಫ್.ನ ಗಣಿ ಲೈನುಗಳಲ್ಲೇ, ಅಂದರೆ ಕಾರ್ಮಿಕರ ಸಾಲುಮನೆಗಳಲ್ಲೇ, ಹುಟ್ಟಿ ಬೆಳೆದವರು, ಐವತ್ತು ದಾಟಿದವರು. ಮೊದಲು ಗಣಿಯ ಒಳಗಿನ ಟೆಲಿಫೋನುಗಳನ್ನು ರಿಪೇರಿ ಮಾಡುತ್ತಿದ್ದರು. ನನ್ನನ್ನು ‘ಅಮ್ಮಾ’ ಅನ್ನುತ್ತಿದ್ದರು, ನಾನು ‘ಅಣ್ಣಾ’ ಅನ್ನುತ್ತಿದ್ದೆ.

ನಮ್ಮ ರೂಟರಿಗೆ ಹನ್ನೊಂದು ನೆರೆಗಳಿದ್ದವು. ನೆರೆ ಎಂದರೆ ಲೈನಿನ ಆ ತುದಿಯಲ್ಲಿ ಕೂತ ಇನ್ನೊಂದು ರೂಟರು. ‘ಇಂಥಿಂಥ ವಿಳಾಸಗಳಿಗೆ ನನ್ನ ಮೂಲಕ ದಾರಿಯಿದೆ’ ಎಂದು ಅವು ಒಂದಕ್ಕೊಂದು ಹೇಳಿಕೊಳ್ಳುತ್ತವೆ. ಪ್ರತಿ ನೆರೆಯ ವಿಳಾಸ, ಅದರ ಗುರುತಿನ ಸಂಖ್ಯೆ, ಅದಕ್ಕೆ ಏನೇನು ಹೇಳಬಹುದು, ಅದು ಹೇಳಿದ್ದರಲ್ಲಿ ಏನೇನನ್ನು ನಂಬಬಹುದು, ಇಷ್ಟನ್ನೂ ನಾವು ಸಾಲು ಸಾಲಾಗಿ ಬರೆದಿಡಬೇಕು. ಹನ್ನೊಂದರಲ್ಲಿ ನಾಲ್ಕು ಊರಿನ ಗಿರಾಕಿಗಳವು. ಉಳಿದ ಏಳೂ ಕೆ.ಜಿ.ಎಫ್.ನ ನಂದಿದುರ್ಗ ಭಾಗದ ಒಂದು ಗಣಿಗೆ ಸೇರಿದ್ದವು. ಗಣಿಯೊಳಗೆ ಒಸರುವ ನೀರನ್ನು ಮೇಲೆತ್ತುವ ಮೂರು ಪಂಪ್ ಹೌಸುಗಳಲ್ಲಿ ಮೂರು ರೂಟರು, ನೆಲದಡಿ ಬಂಡೆ ಸಿಡಿದಾಗ ಆಗುವ ಅದುರನ್ನು ದಾಖಲಿಸುವ ಯಂತ್ರಗಳ ಬಳಿ ಮೂರು, ಇವೆಲ್ಲವನ್ನೂ ನೋಡುವ ಕಂಟ್ರೋಲ್ ರೂಮಿನಲ್ಲಿ ಒಂದು. ಗಣಿಯ ಹಳೆಯ ಕೇಬಲ್ಲು ಕೊಳೆತು ಹೋಗಿತ್ತು. ಹಾಗಾಗಿ ಪಂಪ್ ಹೌಸಿನಿಂದ ಮೈಲಿ ದೂರದ ಕಂಟ್ರೋಲ್ ರೂಮಿಗೆ ಹೋಗಬೇಕಾದ ನೀರಿನ ಮಟ್ಟದ ಅಂಕಿ, ಮೊದಲು ಬಂಗಾರಪೇಟೆಯ ನಮ್ಮ ಕೋಣೆಗೆ ಬಂದು ಇಲ್ಲಿಂದ ಮರಳಿ ಕೆ.ಜಿ.ಎಫ್.ಗೆ ಹೋಗುತ್ತಿತ್ತು.

ಆ ತಿಂಗಳು ನಮ್ಮ ರೂಟರು ಪದೇ ಪದೇ ಉಸಿರುಗಟ್ಟುತ್ತಿತ್ತು. ಒಂದು ಲೈನು ಕಡಿದರೆ ಆ ಸುದ್ದಿಯನ್ನು ಹನ್ನೊಂದು ನೆರೆಗಳಿಗೂ ಬೇರೆ ಬೇರೆಯಾಗಿ ತಯಾರಿಸಿ ಕಳಿಸಬೇಕಿತ್ತು. ಆ ಶ್ರಮದಲ್ಲಿ ಅದು ಉಳಿದ ನೆರೆಗಳಿಗೆ ‘ಇದ್ದೇನೆ’ ಎಂದು ಹೇಳುವುದನ್ನೇ ಮರೆಯುತ್ತಿತ್ತು. ಆಗ ಅವೂ ಕಡಿದುಕೊಳ್ಳುತ್ತಿದ್ದವು. ಬೆಂಗಳೂರಿನ ಆಫೀಸಿನಲ್ಲಿದ್ದ ಹಿರಿಯ ಎಂಜಿನಿಯರ್ ಇದಕ್ಕೊಂದು ದಾರಿ ಹೇಳಿದರು. ಒಂದೇ ರೀತಿಯ ನೆರೆಗಳನ್ನು ಒಂದು ಗುಂಪು ಮಾಡುವುದು, ನಿಯಮಗಳನ್ನು ಗುಂಪಿಗೆ ಒಂದೇ ಸಲ ಬರೆಯುವುದು. ಆಮೇಲೆ ರೂಟರು ಸುದ್ದಿಯನ್ನೂ ಒಮ್ಮೆ ತಯಾರಿಸಿ ಎಲ್ಲರಿಗೂ ಅದರ ಪ್ರತಿ ಹಂಚುತ್ತದೆ. ಗಣಿಯ ಏಳನ್ನೂ ‘ಶಾಫ್ಟ್’, ಅಂದರೆ ಗಣಿಬಾವಿ, ಎಂಬ ಹೆಸರಿನ ಗುಂಪಿಗೆ ಸೇರಿಸಿ ಅಂದರು.

ಮಧ್ಯಾಹ್ನದ ಪಾಳಿ ಗಣಿಗೆ ಇಳಿಯುವುದು ಎರಡು ಗಂಟೆಗೆ. ಹನ್ನೆರಡರಿಂದ ಒಂದೂವರೆಯವರೆಗೆ ಲೈನು ಮುಟ್ಟುತ್ತೇವೆ, ಅಷ್ಟು ಹೊತ್ತು ಅಂಕಿಗಳನ್ನು ನಂಬಬೇಡಿ ಎಂದು ಕಂಟ್ರೋಲ್ ರೂಮಿಗೆ ಫೋನ್ ಮಾಡಿ ಕೆಲಸ ಶುರು ಮಾಡಿದೆ.

ಗುಂಪಿಗೆ ಹೆಸರು ಕೊಟ್ಟು, ನಿಯಮಗಳನ್ನು ಬರೆದು, ನೆರೆಗಳನ್ನು ಒಂದೊಂದಾಗಿ ಸೇರಿಸಿದೆ. ಸೇರಿಸುವಾಗ ಆ ನೆರೆಯ ಸಂಪರ್ಕ ಒಮ್ಮೆ ಕಡಿದು ಮತ್ತೆ ಕೂಡುತ್ತದೆ. ಆರು ಕೂಡಿದವು. ಏಳನೆಯದಾಗಿ ಕಂಟ್ರೋಲ್ ರೂಮನ್ನು ಸೇರಿಸಿದೆ. ಐದೇ ನಿಮಿಷಕ್ಕೆ ಅಲ್ಲಿಂದ ಫೋನು ಬಂತು, ಒಂದು ಅಂಕಿಯೂ ಬರುತ್ತಿಲ್ಲವೆಂದು. ಯೋಚಿಸಿದಾಗ ತಪ್ಪು ಹೊಳೆಯಿತು. ಆರು ಜಾಗಗಳಿಗೂ ಕಂಟ್ರೋಲ್ ರೂಮಿನ ದಾರಿಯೊಂದು ಗೊತ್ತಿದ್ದರೆ ಸಾಕು. ಕಂಟ್ರೋಲ್ ರೂಮಿಗಾದರೋ ಆರರ ದಾರಿಯೂ ಗೊತ್ತಿರಬೇಕು. ಹೊರಕ್ಕೆ ಹೇಳುವ ನಿಯಮ ಗುಂಪಿಗೆಲ್ಲ ಒಂದೇ, ಒಂದು ನೆರೆಗಾಗಿ ಬದಲಾಗುವುದಿಲ್ಲ. ಕಂಟ್ರೋಲ್ ರೂಮನ್ನು ಗುಂಪಿನಿಂದ ಹೊರಗೆ ತಂದು ಅದಕ್ಕೆ ಬೇರೆಯಾಗಿಯೇ ಬರೆದೆ. ಅಂಕಿಗಳು ಬಂದವು. ರೂಟರಿನ ಏದುಸಿರೂ ಇಳಿದಿತ್ತು. ಒಂದೂಕಾಲಿಗೆ ಕಂಟ್ರೋಲ್ ರೂಮಿಗೆ ಮತ್ತೆ ಫೋನ್ ಮಾಡಿ, “ಮುಗೀತು ಸಾರ್, ಇನ್ನು ಅಂಕಿ ನಂಬಬಹುದು” ಅಂದೆ. “ಸರಿ ಬಿಡಮ್ಮಾ, ಊಟ ಮಾಡೋಗಿ” ಅಂದರು ಆ ಪಾಳಿಯ ಇನ್‌ಚಾರ್ಜ್.

ಚಿತ್ರಾನ್ನದ ಡಬ್ಬಿ ತೆರೆದೆ. ತಿನ್ನುತ್ತ, ಬರೆದದ್ದನ್ನೆಲ್ಲ ಪರದೆಯ ಮೇಲೆ ಮತ್ತೊಮ್ಮೆ ನೋಡಿದೆ. ಗುಂಪಿನ ಹೆಸರಿನಲ್ಲಿ ಕೊನೆಯ ಎರಡು ಇಂಗ್ಲಿಷ್ ಅಕ್ಷರ ಹಿಂದುಮುಂದಾಗಿದ್ದವು. ‘ಶಾಫ್ಟ್’ ಅಲ್ಲ, ‘ಶಾಟ್ಫ್’. ಕೆಲಸಕ್ಕೆ ಅದರಿಂದ ಯಾವ ತೊಂದರೆಯೂ ಇರಲಿಲ್ಲ. ಆದರೆ ಹಿರಿಯ ಎಂಜಿನಿಯರ್ ನೋಡಿದರೆ ನಗುತ್ತಾರೆ ಅನ್ನಿಸಿತು. ಅಷ್ಟೇ ಕಾರಣ. ಬೇರೆ ಕಾರಣವಿತ್ತು ಎಂದು ಇವತ್ತಿಗೂ ಹೇಳಲಾರೆ.

ಸರಿಯಾದ ಹೆಸರಿನ ಹೊಸ ಗುಂಪು ಮಾಡಿದೆ. ನಿಯಮಗಳನ್ನು ಅದಕ್ಕೂ ಬರೆದೆ. ಹಳೆಯ ಗುಂಪನ್ನು ಅಳಿಸಿದರೆ ಹೆಸರು ಮಾತ್ರ ಹೋಗುತ್ತದೆ, ಗುಂಪಿಲ್ಲದೆ ನಿಂತ ಆರು ನೆರೆಗಳನ್ನು ಹೊಸದಕ್ಕೆ ಸೇರಿಸಿದರಾಯಿತು ಎಂದುಕೊಂಡೆ. ಅಳಿಸುವ ಆಜ್ಞೆ ಬರೆದು ಎಂಟರ್ ಒತ್ತಿದೆ. ಖಚಿತವೇ ಎಂದು ರೂಟರು ಕೇಳಲಿಲ್ಲ. ಒಂದೊಂದು ಆಜ್ಞೆಯಾದ ಮೇಲೂ ಉಳಿಸುವುದು ನನ್ನ ಬೆರಳುಗಳ ಅಭ್ಯಾಸ. ಅದನ್ನೂ ಒತ್ತಿದೆ.

ಪರದೆಯ ಮೇಲೆ ಒಂದು ಸಾಲು ಬಂತು: ಇಂಥ ನೆರೆ ಕಡಿದಿದೆ. ಅದರ ಕೆಳಗೆ ಇನ್ನೊಂದು. ಮತ್ತೊಂದು. ಒಟ್ಟು ಆರು ಸಾಲು. ಮತ್ತೆ ಕೂಡುತ್ತವೆ ಎಂದು ಕಾದೆ. ಕೂಡಲಿಲ್ಲ. ನೆರೆಗಳ ಪಟ್ಟಿ ತೆರೆದೆ. ಹನ್ನೊಂದು ಇರಬೇಕಾದಲ್ಲಿ ಐದಿದ್ದವು.

ಬೆರಳಿಟ್ಟು ಎಣಿಸಿದೆ. ಐದು. ಪರದೆಯನ್ನು ಮೇಲೆ ಕೆಳಗೆ ಮಾಡಿ ಮತ್ತೆ ಎಣಿಸಿದೆ. ಐದೇ. ಗುಂಪನ್ನು ಅಳಿಸಿದರೆ ಗುಂಪಿನ ಸದಸ್ಯರೂ ಅಳಿಸಿಹೋಗುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಅವುಗಳ ವಿಳಾಸ, ಸಂಖ್ಯೆ, ಎಲ್ಲ ಹೋಗಿತ್ತು. ರೂಟರನ್ನು ಆರಿಸಿ ಹೊತ್ತಿಸಿದರೆ ಹಳೆಯದು ಮರಳಿ ಬರುತ್ತಿತ್ತು, ಉಳಿಸದೆ ಇದ್ದಿದ್ದರೆ. ನಾನು ಉಳಿಸಿದ್ದೆ. ಕೈಯಲ್ಲಿ ಚಮಚ ಇತ್ತು. ಅದನ್ನು ಎಲ್ಲಿ ಇಡಬೇಕೆಂದು ಸಹ ತಿಳಿಯಲಿಲ್ಲ.

“ಏನಾಯ್ತಮ್ಮಾ?” ಲೈನ್‌ಮ್ಯಾನ್ ಬಾಗಿಲ ಬಳಿಯಿಂದ ಕೇಳಿದರು.

“ಆರೂ ಹೋದವು ಅಣ್ಣಾ. ನಾನೇ ಅಳಿಸಿಬಿಟ್ಟೆ.”

ಅವರು ಪರದೆಯ ಹತ್ತಿರ ಬಂದು ನೋಡಿದರು. ನಾನು, “ಕಂಟ್ರೋಲ್ ರೂಮಿಗೆ ಗೊತ್ತಾಗಿರುತ್ತೆ. ಸ್ಕ್ರೀನ್ ಖಾಲಿಯಾಗಿರುತ್ತಲ್ಲ, ಈಗ ಫೋನ್ ಮಾಡ್ತಾರೆ” ಅಂದೆ.

“ಇಲ್ಲಮ್ಮಾ,” ಅಂದರು ಅವರು. “ಅದು ಖಾಲಿ ಆಗಲ್ಲ. ಕಡೇ ಸಲ ಬಂದ ನಂಬರ್ರೇ ಅಂಗೇ ನಿಂತಿರ್ತೈತೆ. ಅವ್ರ ಲೈನ್ ಸತ್ರೆ ಮಾತ್ರ ಕೆಂಪು ಲೈಟು ಒತ್ತಿಕೊಳ್ತೈತೆ. ಅವ್ರ ಲೈನು ಈಗ ಚೆನ್ನಾಗೈತಲ್ಲ?”

ಚೆನ್ನಾಗಿತ್ತು. ಕಂಟ್ರೋಲ್ ರೂಮನ್ನು ನಾನೇ ಗುಂಪಿನಿಂದ ಹೊರಗೆ ತಂದಿದ್ದೆ. ಆದ್ದರಿಂದ ಅದು ಅಳಿಯದೆ ಉಳಿದಿತ್ತು, ಅಲ್ಲಿ ಹಸಿರು ದೀಪ ಉರಿಯುತ್ತಿತ್ತು. ಸ್ವಲ್ಪ ಹೊತ್ತಿನ ಹಿಂದೆ ಬಂದ ಅಂಕಿಯನ್ನು ಆ ಇನ್‌ಚಾರ್ಜ್ ಈ ಕ್ಷಣದ್ದು ಎಂದು ನೋಡುತ್ತಿದ್ದರು. ನಂಬಬಹುದು ಎಂದು ಹೇಳಿದವಳೂ ನಾನೇ. ಎರಡು ಗಂಟೆಗೆ ಆ ಅಂಕಿ ನೋಡಿಯೇ ಪಾಳಿಯನ್ನು ಇಳಿಸುತ್ತಾರೆ. ಇದೆಲ್ಲ ಒಂದಾದ ಮೇಲೊಂದು ತಲೆಯೊಳಗೆ ಬಂತು. ನಾನು ನಿಂತುಕೊಂಡೆ, ಮತ್ತೆ ಕೂತೆ.

ಗಂಟೆ ಒಂದು ಇಪ್ಪತ್ತೆಂಟು. ಹಿರಿಯ ಎಂಜಿನಿಯರ್‌ಗೆ ಎಸ್‌.ಟಿ.ಡಿ. ಹಚ್ಚಿದೆ. ಹೇಳಿದ್ದನ್ನೆಲ್ಲ ಅವರು ಕೇಳಿಸಿಕೊಂಡರು.

“ಅಳಿಸಿಹೋದ ಸಾಲುಗಳ ಪ್ರಿಂಟ್ ಇದೆಯಾ?”

“ಮೂರು ತಿಂಗಳ ಹಿಂದಿನದು ಇದೆ ಸಾರ್.”

“ನೋಡಿಕೊಂಡು ಆರನ್ನೂ ಮತ್ತೆ ಟೈಪ್ ಮಾಡಿ. ಇಪ್ಪತ್ತು ನಿಮಿಷದ ಕೆಲಸ. ಎರಡು ಗಂಟೆಯೊಳಗೆ ಆಗುತ್ತೆ.”

“ಕಂಟ್ರೋಲ್ ರೂಮಿಗೆ ಹೇಳಲಾ ಸಾರ್?”

“ಈಗ ಬೇಡ. ಮುಗೀತು ಅಂದವರೇ ಅಳಿಸಿಬಿಟ್ಟೆವು ಅಂದರೆ ಆ ಲೈನೇ ನಮ್ಮ ಕೈ ತಪ್ಪುತ್ತೆ. ಮೊದಲು ಸರಿ ಮಾಡಿ. ಕೇಳಿದರೆ ಲೈನ್ ಫಾಲ್ಟ್ ಅನ್ನೋಣ.”

ಅವರು ಕೆಟ್ಟವರಲ್ಲ. ನನಗೆ ಕೆಲಸ ಕಲಿಸಿದವರು. ಗಣಿಯ ಕೆಲಸ ಹೋದರೆ ಬಂಗಾರಪೇಟೆಯ ಆ ಕೋಣೆಯೇ ಮುಚ್ಚುತ್ತಿತ್ತು, ಅದೂ ನಿಜ. ನಾನು ಪ್ರಿಂಟಿನ ಹಾಳೆ ಮಡಿಲಲ್ಲಿಟ್ಟುಕೊಂಡು ಮೊದಲ ನೆರೆಯ ವಿಳಾಸ ಟೈಪ್ ಮಾಡಿದೆ. ಅಂಕಿ ತಪ್ಪಿತು. ಅಳಿಸಿ ಮತ್ತೆ ಮಾಡಿದೆ. ಮತ್ತೆ ತಪ್ಪಿತು. ಇಪ್ಪತ್ತು ನಿಮಿಷದ ಕೆಲಸ ಈ ಕೈಯಿಂದ ಇಪ್ಪತ್ತು ನಿಮಿಷದಲ್ಲಿ ಆಗುವುದಿಲ್ಲ ಎಂದು ಆಗ ಗೊತ್ತಾಯಿತು.

“ಅಣ್ಣಾ, ನೀವು ಒಳಗೆ ಇಳಿದಿದ್ದೀರಲ್ಲ. ಒಂದು ಪಂಪು ನಿಂತಿದ್ದರೆ ಏನಾಗುತ್ತೆ?”

“ಒಂದೊಂದ್ಸಲ ಏನೂ ಆಗಲ್ಲ,” ಅಂದರು. ಗಡಿಯಾರದ ಕಡೆ ನೋಡಿ, “ಮೇಲೆ ಇರೋರು ನೋಡ್ತಾವ್ರೆ ಅನ್ನೋ ಧೈರ್ಯದ ಮೇಲೇನಮ್ಮಾ ಇಳಿಯೋದು” ಅಂದರು.

ನಾನು ಕೀಲಿಮಣೆ ಬಿಟ್ಟು ಫೋನ್ ಎತ್ತಿಕೊಂಡೆ.

ಕಂಟ್ರೋಲ್ ರೂಮಿನ ಫೋನು ಎಂಗೇಜ್. ಇಟ್ಟು ಮತ್ತೆ ತಿರುಗಿಸಿದೆ. ಎಂಗೇಜ್. ಗೋಡೆ ಗಡಿಯಾರ ಒಂದು ಮೂವತ್ತೇಳು ತೋರಿಸುತ್ತಿತ್ತು. ಲೈನ್‌ಮ್ಯಾನ್ ತಮ್ಮ ಮೊಪೆಡ್ಡಿನ ಬೀಗದಕೈ ತೆಗೆದರು. “ಓಗಿ ಏಳ್ಬಿಡ್ಲಾ?” ಅರ್ಧ ಗಂಟೆಯಾದರೂ ಬೇಕು, ತಲುಪುವಾಗ ಪಾಳಿ ಇಳಿದಿರುತ್ತದೆ. ಬೇಡ ಅಂದೆ. “ಫೋನು ನಂಗೆ ಕೊಡು, ನೀನು ಟೈಪ್ ಮಾಡು” ಅಂದರು. ಅವರು ನೆಲದ ಮೇಲೆ ಕೂತು ತಿರುಗಿಸುತ್ತಲೇ ಇದ್ದರು. ನಾನು ಒಂದೊಂದು ಅಂಕಿಯನ್ನೂ ಬಾಯಲ್ಲಿ ಹೇಳಿಕೊಂಡು ಒತ್ತಿದೆ. ಮೊದಲ ನೆರೆ ಕೂಡಿತು. ಎರಡನೆಯದೂ ಕೂಡಿತು. ಎರಡೂ ಅದುರು ದಾಖಲಿಸುವ ಕಡೆಯವು. ನೀರಿನ ಅಂಕಿ ಒಂದೂ ಇನ್ನೂ ಬಂದಿರಲಿಲ್ಲ.

ಒಂದು ಐವತ್ತಕ್ಕೆ ಲೈನ್‌ಮ್ಯಾನ್ ಕೂಗಿದರು: “ಸಿಕ್ತು, ಸಿಕ್ತು!”

ರಿಸೀವರು ಕಿವಿಗಿಟ್ಟುಕೊಂಡೆ. ಆ ಕಡೆ ಗದ್ದಲ, ಯಾರೋ ತಮಿಳಿನಲ್ಲಿ ಹೆಸರು ಕೂಗುತ್ತಿದ್ದರು.

“ಸಾರ್, ನಾನು ಬಂಗಾರಪೇಟೆಯಿಂದ. ಪಂಪಿನ ಅಂಕಿ ನಂಬಬೇಡಿ.”

“ಏಮಮ್ಮಾ, ಒಂದೂಕಾಲ್ಗೆ ನೀವೇ ಅಲ್ವಾ ನಂಬಬೋದು ಅಂದಿದ್ದು?” ಇನ್‌ಚಾರ್ಜ್ ತೆಲುಗು ಬೆರೆಸಿ ಮಾತಾಡುವವರು.

“ಹೌದು ಸಾರ್, ನಾನೇ. ಆಮೇಲೆ ಕೈ ತಪ್ಪಿ ಆರೂ ಲೈನು ಅಳಿಸಿಬಿಟ್ಟೆ. ನೀವು ನೋಡುತ್ತಿರುವುದು ಒಂದು ಇಪ್ಪತ್ತೈದರ ಅಂಕಿ. ಅದಾದ ಮೇಲೆ ಯಾವುದೂ ಬಂದಿಲ್ಲ.”

“ಇಲ್ಲಿ ಹಸಿರು ಲೈಟೇ ಐತೆ.”

“ಅದು ನಿಮ್ಮ ಲೈನಿಂದು ಸಾರ್. ಪಂಪಿನದಲ್ಲ. ನಿಮಗೆ ಈಗ ಏನೂ ಕಾಣುತ್ತಿಲ್ಲ.”

ಅವರು ರಿಸೀವರಿನಿಂದ ಬಾಯಿ ದೂರ ಮಾಡಿ ಕೂಗಿದರು. “ರೇಯ್, ಬೆಲ್ಲು ಕೊಡ್ಬೇಡ್ರೋ! ಕೇಜಿಂದ ಎಲ್ರೂ ಈಚೆ ಬರ್ರಿ! ಈಚೆ ಬರ್ರಿ ಅಂದ್ನಲ್ಲ!” ಕೇಜ್ ಎಂದರೆ ಕೆಲಸಗಾರರನ್ನು ಗಣಿಯೊಳಗೆ ಇಳಿಸುವ ಕಬ್ಬಿಣದ ಲಿಫ್ಟು; ಬೆಲ್ಲು ಅದನ್ನು ಇಳಿಸಲು ಕೊಡುವ ಸಂಕೇತ. ಮೊದಲ ತಂಡ ಅದರೊಳಗೆ ಆಗಲೇ ನಿಂತಿತ್ತು. ಹತ್ತು ನಿಮಿಷವಿದೆ ಎಂದುಕೊಂಡಿದ್ದೆ. ಇರಲಿಲ್ಲ.

“ಎಷ್ಟೊತ್ತಮ್ಮಾ?”

“ಗೊತ್ತಿಲ್ಲ ಸಾರ್. ಬಂದ ಮೇಲೆ ನಾನೇ ಹೇಳುತ್ತೇನೆ. ನಾನು ಹೇಳುವ ತನಕ ಇಳಿಸಬೇಡಿ.”

“ನೀವು ಹೇಳಿದ್ರೂ ನಾನು ಇನ್ನೊಂದ್ಸಲ ನೋಡ್ಕೊಂತೀನಿ” ಎಂದು ಫೋನಿಟ್ಟರು. ನಾನು ಕೀಲಿಮಣೆಗೆ ಮರಳಿದೆ.

ಮೂರನೆಯದು, ನಾಲ್ಕನೆಯದು, ಐದನೆಯದು ಕೂಡುವಾಗ ಎರಡು ಗಂಟೆ ಹತ್ತು ನಿಮಿಷ. ಆರನೆಯದು, ತಳದ ಗುಂಡಿಯ ಪಂಪ್ ಹೌಸು, ಕೂಡಲಿಲ್ಲ. ಪಟ್ಟಿಯಲ್ಲಿ ಅದರ ಮುಂದೆ ‘ಆಕ್ಟಿವ್’ ಎಂದು ಬರುತ್ತಿತ್ತು. ಹೊಸಬರು ಅದನ್ನು ಕಂಡು ಕೆಲಸ ಮಾಡುತ್ತಿದೆ ಎಂದುಕೊಳ್ಳುತ್ತಾರೆ. ನಿಜವಾದ ಅರ್ಥ ಬೇರೆ: ಕರೆಯುತ್ತಿದ್ದೇನೆ, ಉತ್ತರ ಬರುತ್ತಿಲ್ಲ. ಐದು ನಿಮಿಷ ಅದು ಕರೆಯುತ್ತಲೇ ಇತ್ತು. ವಿಳಾಸ ಸರಿಯಿತ್ತು. ಗುಂಪು ಸರಿಯಿತ್ತು. ನಾನು ಅದೇ ಸಾಲನ್ನು ಅಳಿಸಿ ಅದನ್ನೇ ಮತ್ತೆ ಬರೆಯುತ್ತಿದ್ದೆ. ಹಾಗೆ ಮಾಡುವುದರಲ್ಲಿ ಅರ್ಥವಿಲ್ಲ ಎಂದು ತಿಳಿದೂ ಕೈ ನಿಲ್ಲುತ್ತಿರಲಿಲ್ಲ.

“ತಳದ ಪಂಪಾ?” ಲೈನ್‌ಮ್ಯಾನ್ ಕೇಳಿದರು. “ಅದ್ರ ರೂಟ್ರು ಡಬ್ಬ ಸುಟ್ಟೋಗಿ ಓದ ತಿಂಗ್ಳು ಬೇರೆ ಇಟ್ವಲ್ಲಮ್ಮಾ. ನೀನು ರಜಾದಾಗಿದ್ದೆ. ಬೆಂಗ್ಳೂರಿಂದ ಬಂದಿದ್ದ ಒಬ್ರು ಸಾರ್ ನಂಬರ್ ಬದಲಾಯಿಸಿದ್ರು.”

ಅಂಗಿ ಜೇಬಿನಿಂದ ಬೆವರಿಗೆ ಮೆತ್ತಗಾದ ಸಣ್ಣ ಡೈರಿ ತೆಗೆದು, ಹಾಳೆ ತಿರುವಿ, ತಮಿಳು ಬರಹದ ನಡುವೆ ಇದ್ದ ಒಂದು ಸಂಖ್ಯೆಯನ್ನು ತೋರಿಸಿದರು. ನೆರೆಯ ಗುರುತಿನ ಸಂಖ್ಯೆ. ಪ್ರಿಂಟಿನಲ್ಲಿದ್ದುದು ಹಳೆಯದು. ನಾನು ತಪ್ಪು ಹೆಸರು ಹಿಡಿದು ಕರೆದರೆ ಆ ಕಡೆಯ ರೂಟರು ಬಾಗಿಲು ತೆರೆಯುವುದಿಲ್ಲ. ಸಂಖ್ಯೆ ಬದಲಿಸಿದೆ. ಅರ್ಧ ನಿಮಿಷದಲ್ಲಿ ಕೂಡಿತು.

ಎರಡು ಇಪ್ಪತ್ತೆರಡು. ಕಂಟ್ರೋಲ್ ರೂಮಿಗೆ ಫೋನ್ ಹಚ್ಚಿ, ಆರೂ ಬಂದಿವೆ, ನೋಡಿ ಅಂದೆ. ಇನ್‌ಚಾರ್ಜ್ ಒಂದೊಂದನ್ನೇ ಗಟ್ಟಿಯಾಗಿ ಓದಿದರು. ಮೊದಲನೆಯ ಪಂಪು ಸರಿ. ಎರಡನೆಯದು ಸರಿ. ಮೂರನೆಯದಕ್ಕೆ ಬಂದಾಗ ದನಿ ನಿಂತಿತು.

“ಇದು ನಾಲ್ಕಡಿ ಇತ್ತು,” ಅಂದರು. “ಏಳೂ ಚಿಲ್ಲರೆ ತೋರಿಸ್ತೈತೆ. ಲೈನ್ ಸರಿಯಾಗೈತಾಮ್ಮಾ?”

ನಾನು ಪರದೆ ನೋಡಿದೆ. “ಲೈನು ಸರಿಯಾಗಿದೆ ಸಾರ್.”

“ಅಯ್ಯೋ ದೇವುಡಾ” ಎಂದರು, ಮೆಲ್ಲಗೆ. ಫೋನನ್ನು ಇಡುವುದನ್ನೂ ಮರೆತು ಎದ್ದು ಹೋದರು. ಖಾಲಿ ರಿಸೀವರಿನಲ್ಲಿ ಓಡಾಟ, ಪಂಪಿನವರನ್ನು ಕರೆಯುವ ಕೂಗು ಕೇಳುತ್ತ ನಾನು ಹಾಗೆಯೇ ಹಿಡಿದುಕೊಂಡಿದ್ದೆ. ಲೈನ್‌ಮ್ಯಾನ್ ಏನು ಎಂದು ಕಣ್ಣಲ್ಲೇ ಕೇಳಿದರು. ಕಾಗದದ ಮೇಲೆ ‘ಏಳಡಿ’ ಎಂದು ಬರೆದು ತೋರಿಸಿದೆ. ಅವರು ಅದನ್ನು ನೋಡಿ ಗೋಡೆಗೆ ಒರಗಿ ಕೂತರು.

ಕರೆಂಟಿನ ಏರಿಳಿತಕ್ಕೆ ತಳದ ಪಂಪು ನಿಂತಿತ್ತು. ನನ್ನ ಲೈನು ಸತ್ತ ಆ ಒಂದು ಗಂಟೆಯೊಳಗೇ ಯಾವಾಗಲೋ ನಿಂತಿತ್ತು. ಪಂಪಿನವರು ಮೊದಲು ಇಳಿದು ಅದನ್ನು ಓಡಿಸಿದರು. ಪಾಳಿ ನಾಲ್ಕರ ಮೇಲೆ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ.

ಆ ಸಂಜೆ ಹಿರಿಯ ಎಂಜಿನಿಯರ್‌ಗೆ ಎಲ್ಲವನ್ನೂ ತಿಳಿಸಿದೆ, ಅವರ ಮಾತು ಮೀರಿ ಫೋನ್ ಮಾಡಿದ್ದನ್ನೂ. ಬೈಯುತ್ತಾರೆ ಎಂದುಕೊಂಡಿದ್ದೆ. “ಏಳಡಿಯಾ?” ಎಂದು ಎರಡು ಸಲ ಕೇಳಿದರು. ಆಮೇಲೆ, “ನಾನು ಬೇಡ ಅಂದಿದ್ದೆ, ಅಲ್ವಾ?” ಎಂದು ಫೋನಿಟ್ಟುಬಿಟ್ಟರು. ಬೂದಿಕೋಟೆಗೆ ಹೋಗುವ ಬಸ್ಸಿನಲ್ಲಿ ಕೂತು ನನ್ನ ಸ್ಟಾಪು ದಾಟಿ ಹೋದದ್ದು ಕಂಡಕ್ಟರ್ ಹೇಳಿದ ಮೇಲೆ ತಿಳಿಯಿತು.

ಶುಕ್ರವಾರ ಗಣಿಯಿಂದ ಕರೆ ಬಂತು, ಒಮ್ಮೆ ಬಂದು ಹೋಗಿ ಎಂದು. ಲೈನು ಕಿತ್ತುಕೊಳ್ಳಲು ಕರೆದಿದ್ದಾರೆ ಎಂದೇ ಹೊರಟೆ. ಲೈನ್‌ಮ್ಯಾನ್ ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹೋದರು. ಕಂಟ್ರೋಲ್ ರೂಮನ್ನು ನಾನು ನೋಡಿದ್ದು ಅದೇ ಮೊದಲು. ಅಷ್ಟು ದಿನ ಅದು ನನಗೆ ಒಂದು ವಿಳಾಸ, ಒಂದು ಸಂಖ್ಯೆ. ಇನ್‌ಚಾರ್ಜ್ ನಾನು ಅಂದುಕೊಂಡದ್ದಕ್ಕಿಂತ ಸಣ್ಣ ಆಳು, ದಪ್ಪ ಕನ್ನಡಕ.

“ನಾನು ಅಳಿಸದೆ ಇದ್ದಿದ್ದರೆ ಪಂಪು ನಿಂತದ್ದು ಅಲ್ಲೇ ಕಾಣಿಸುತ್ತಿತ್ತು ಸಾರ್,” ಅಂದೆ. ಎರಡು ದಿನದಿಂದ ಹೇಳಬೇಕೆಂದಿದ್ದ ಮಾತು.

“ಕಾಣಿಸ್ತಿತ್ತು,” ಅಂದರು ಅವರು. ಸಮಾಧಾನ ಹೇಳಲಿಲ್ಲ. “ನೀವು ಫೋನ್ ಮಾಡ್ದೆ ಇದ್ದಿದ್ರೆ ಇಳಿಸಿಬಿಡ್ತಿದ್ದೆ. ಇಳಿಸಿದ್ರೆ ಏನಾಗ್ತಿತ್ತೋ, ಕಾಲು ಒದ್ದೆ ಆಗ್ತಿತ್ತೋ, ಇನ್ನೇನಾಗ್ತಿತ್ತೋ ನಂಗೂ ಗೊತ್ತಿಲ್ಲ.”

ಪಾಳಿಯ ದೊಡ್ಡ ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದರು. ಬುಧವಾರದ ಪುಟ. ಆ ಮಧ್ಯಾಹ್ನ ಇಳಿಯಬೇಕಿದ್ದವರ ಹೆಸರುಗಳು, ಪುಟ ತುಂಬಿ ಹಿಂಬದಿಗೂ ಹೋಗಿದ್ದವು. ಕನ್ನಡದ ಹೆಸರು, ತಮಿಳಿನವು, ತೆಲುಗಿನವು. ಒಂದೊಂದರ ಮುಂದೆ ಹಾಜರಿ ಬಿಲ್ಲೆಯ ನಂಬರು, ಕೆಲವರ ಮುಂದೆ ಹೆಬ್ಬೆಟ್ಟಿನ ಗುರುತು. ನಾನು ಓದುತ್ತ ಹೋದೆ. ಯಾರೂ ಅವಸರ ಮಾಡಲಿಲ್ಲ. ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ‘ಒಂದು ಐವತ್ತಕ್ಕೆ ಪಾಳಿ ತಡೆಹಿಡಿದಿದೆ’ ಎಂದಿತ್ತು. ಅದರ ಪಕ್ಕದ ಅಂಕಣ, ಕಾರಣದ್ದು, ಖಾಲಿಯಿತ್ತು.

“ಅಲ್ಲಿ ನಾನು ಏನ್ ಬರೀಲಿ ಅಂತ ಗೊತ್ತಾಗ್ಲಿಲ್ಲ,” ಅಂದರು. “ನಮ್ಮ ಆಫೀಸ್ನೋರು ಲೈನ್ ಫಾಲ್ಟ್ ಅಂತ ಬರ್ಕೋ ಅಂದ್ರು. ನೀವೇ ಬರೀರಿ.”

ಪೆನ್ನು ಕೊಟ್ಟರು. ಲೈನ್‌ಮ್ಯಾನ್ ಬಾಗಿಲಲ್ಲಿ ನಿಂತು ಹೊರಗೆ ನೋಡುತ್ತಿದ್ದರು. ನಾನು ಬರೆದೆ: ‘ಬಂಗಾರಪೇಟೆಯಲ್ಲಿ ನಾನು ತಿಳಿಯದೆ ಆರು ಲೈನುಗಳನ್ನು ಅಳಿಸಿದ್ದರಿಂದ.’ ಕೆಳಗೆ ಸಹಿ ಮಾಡಿದೆ. ಅಕ್ಷರಗಳು ಸೊಟ್ಟಗಾಗಿದ್ದವು, ತಿದ್ದಲಿಲ್ಲ.

ಇನ್‌ಚಾರ್ಜ್ ಕನ್ನಡಕ ಮೇಲೆತ್ತಿ ಆ ಸಾಲನ್ನು ಒಮ್ಮೆ ಓದಿದರು. ಮತ್ತೊಮ್ಮೆ ಓದಿದರು.

“ಇಪ್ಪತ್ತೆರಡು ವರ್ಷದಿಂದ ಈ ಬುಕ್ಕು ಬರೀತಾ ಇದೀನಮ್ಮಾ,” ಅಂದರು. “ಈ ಅಂಕಣದಾಗೆ ‘ನಾನು’ ಅಂತ ಯಾರೂ ಬರ್ದಿರ್ಲಿಲ್ಲ.”